‘ನನ್ನ ಹತ್ತಿರ ಪೆನ್ನಿದೆ’: ಬಹುಭಾಷಾ ತರಗತಿಯಲ್ಲಿ ಫ್ರೆಂಚ್ ಪಾಠ ಹೂಡುವ ಬಗೆ

ಒಂದೇ ತರಗತಿಯಲ್ಲಿ ಐದಾರು ಮನೆಮಾತಿನ ಮಕ್ಕಳು ಕೂತು ಫ್ರೆಂಚ್ ಕಲಿಯುತ್ತಿದ್ದಾರೆ ಎಂದುಕೊಳ್ಳಿ. ಶಿಕ್ಷಕರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ: ಫ್ರೆಂಚ್ ಬಿಟ್ಟು ಬೇರೆ ಮಾತೇ ಆಡಬಾರದು ಎನ್ನುವುದು, ಇಲ್ಲವೇ ಎಲ್ಲವನ್ನೂ ಶಾಲೆಯ ಮಾಧ್ಯಮ ಭಾಷೆಗೆ ಅನುವಾದಿಸಿ ಹೇಳುವುದು. ಮೊದಲನೆಯದರಲ್ಲಿ ಮಗು ಮನಸ್ಸಿನೊಳಗೆ ಮಾಡುತ್ತಿರುವ ಹೋಲಿಕೆ ನಮಗೆ ಕಾಣುವುದಿಲ್ಲ, ತಪ್ಪಾಗಿದ್ದರೂ ತಿದ್ದಲಾಗುವುದಿಲ್ಲ. ಎರಡನೆಯದು ಮಾಧ್ಯಮ ಭಾಷೆಯನ್ನೇ ಇನ್ನೂ ಕಲಿಯುತ್ತಿರುವ ಮಗುವನ್ನು ಕೈಬಿಡುತ್ತದೆ. ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ ತೋರಿಸಿಕೊಟ್ಟಂತೆ, ಹೊಸ ಭಾಷೆಯಲ್ಲಿ ದಿನಬಳಕೆಯ ಮಾತು ಸುಮಾರು 2 ವರ್ಷದಲ್ಲಿ ಹಿಡಿತಕ್ಕೆ ಬಂದರೂ ಪಾಠದ ಭಾಷೆಗೆ 5ರಿಂದ 7 ವರ್ಷ ಬೇಕಾಗಬಹುದು. ಆಟದ ಬಯಲಿನಲ್ಲಿ ಪಟಪಟನೆ ಮಾತಾಡುವ ಮಗುವಿಗೆ ‘ಕ್ರಿಯಾಪದ’, ‘ನಿಷೇಧ’ ಎಂಬ ವಿವರಣೆ ತಲುಪಿರುತ್ತದೆ ಎಂದು ನಂಬಬೇಡಿ.

ಈ ಟಿಪ್ಪಣಿಯಲ್ಲಿರುವುದು ಮೂರನೆಯ ದಾರಿ: ಪಾಠದ ಒಂದು ನಿಗದಿತ ಜಾಗದಲ್ಲಿ ಮಾತ್ರ ಎಲ್ಲ ಮನೆಮಾತುಗಳನ್ನೂ ಹಲಗೆಯ ಮೇಲೆ ತಂದು ಹೋಲಿಸುವುದು, ಉಳಿದ ಹೊತ್ತು ಫ್ರೆಂಚಿನಲ್ಲೇ ಇರುವುದು.

ಉದಾಹರಣೆ: ‘ಆವ್ವಾರ್’ (ಹೊಂದಿರು) ಕ್ರಿಯಾಪದ

ಫ್ರೆಂಚಿನ ‘ಜೇ ಅಂ ಸ್ಟಿಲೋ’ ಎಂಬುದನ್ನು ಪದಕ್ಕೆ ಪದ ಬಿಡಿಸಿದರೆ ‘ನಾನು ಹೊಂದಿದ್ದೇನೆ ಒಂದು ಪೆನ್ನು’. ‘ಹೊಂದಿರು’ ಎನ್ನುವ ಇಂಥ ಕ್ರಿಯಾಪದ ಇಂಗ್ಲಿಷ್, ಜರ್ಮನ್, ಸ್ಪ್ಯಾನಿಷ್‌ಗಳಲ್ಲಿ ದಿನಬಳಕೆಯದು. ಆದರೆ ಅನೇಕ ಭಾಷೆಗಳು ಈ ಮಾತನ್ನು ಬೇರೆ ಬಗೆಯಲ್ಲಿ ಹೇಳುತ್ತವೆ. ರಷ್ಯನ್ನಿನ ‘ಉ ಮೆನ್ಯಾ ಯೆಸ್ತ್ ರೂಚ್ಕಾ’ ಎಂದರೆ ‘ನನ್ನ ಬಳಿ ಇದೆ ಪೆನ್ನು’. ಅರಬ್ಬಿಯ ‘ಇಂದೀ ಕಲಂ’ ಎಂದರೆ ‘ನನ್ನ ಬಳಿ ಪೆನ್ನು’. ಅಲ್ಲಿ ಕ್ರಿಯಾಪದವೇ ಇಲ್ಲ. ಟರ್ಕಿಶ್‌ನ ‘ಬೆನಿಮ್ ಕಲೆಮಿಮ್ ವಾರ್’ ಎಂದರೆ ‘ನನ್ನ ಪೆನ್ನು ಇದೆ’.

ಕನ್ನಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಒಂದೇ ಅರ್ಥವನ್ನು ಹಲವು ರೂಪಗಳಿಗೆ ಹಂಚುತ್ತದೆ. ಪೆನ್ನಾದರೆ ‘ನನ್ನ ಹತ್ತಿರ ಇದೆ’, ತಂಗಿಯರಾದರೆ ‘ನನಗೆ ಇಬ್ಬರು ತಂಗಿಯರಿದ್ದಾರೆ’, ವಯಸ್ಸಾದರೆ ‘ನನಗೆ ಹತ್ತು ವರ್ಷ’, ಹಸಿವಾದರೆ ‘ನನಗೆ ಹಸಿವಾಗಿದೆ’. ಫ್ರೆಂಚಿನಲ್ಲಿ ಈ ನಾಲ್ಕಕ್ಕೂ ‘ಜೇ’ (ನಾನು ಹೊಂದಿದ್ದೇನೆ) ಒಂದೇ: ಪೆನ್ನು, ತಂಗಿಯರು, ಹತ್ತು ವರ್ಷ, ಹಸಿವು ಎಲ್ಲವನ್ನೂ ‘ಹೊಂದಿರುವುದು’. ಕನ್ನಡದ ಮಗುವಿಗೆ ಇಲ್ಲಿ ಹೇಳಿಕೊಡಬೇಕಾದದ್ದು ಹೊಸ ಪದವಲ್ಲ. ತಾನು ಬೇರೆಬೇರೆ ಇಟ್ಟುಕೊಂಡಿರುವ ನಾಲ್ಕನ್ನು ಒಂದೇ ಗೂಡಿಗೆ ಹಾಕುವುದು. ಈ ಪಾಠದಲ್ಲಿ ನಿಜವಾಗಿ ಕಷ್ಟವಾದದ್ದು ಇದೇ.

40 ನಿಮಿಷವನ್ನು ಹಂಚುವುದು

ಮೊದಲ 8 ನಿಮಿಷ ಫ್ರೆಂಚ್ ಮಾತ್ರ. ವಸ್ತುಗಳನ್ನು ಕೈಯಲ್ಲಿ ಹಿಡಿದು ವಾಕ್ಯ ಹೇಳಿ, ಹೇಳಿಸಿ. ಹೋಲಿಕೆಯಿಂದ ಶುರುಮಾಡಬೇಡಿ: ಮಗುವಿನ ಕಿವಿಯಲ್ಲಿ ಫ್ರೆಂಚ್ ವಾಕ್ಯವೇ ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ, ಅದು ಬರೀ ವ್ಯಾಕರಣದ ಉಪನ್ಯಾಸವಾಗುತ್ತದೆ.

ಮುಂದಿನ 10 ನಿಮಿಷ ಹೋಲಿಕೆ. ಪ್ರತಿ ಭಾಷೆಗೂ ಮೂರು ಸಾಲು: ಮನೆಮಾತಿನ ವಾಕ್ಯ, ಅದರ ಕೆಳಗೆ ಪದಕ್ಕೆ ಪದ ಅರ್ಥ, ಅದರ ಕೆಳಗೆ ಸಹಜ ಅರ್ಥ. ನಡುವಿನ ಸಾಲನ್ನು ಬಿಟ್ಟರೆ ಎಲ್ಲ ಭಾಷೆಗಳೂ ಒಂದೇ ಥರ ಕಾಣುತ್ತವೆ, ಹೋಲಿಕೆ ವ್ಯರ್ಥವಾಗುತ್ತದೆ. ಆಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ‘ನಿನ್ನ ವಾಕ್ಯದಲ್ಲಿ “ನಾನು” ಎಲ್ಲಿದೆ?’ ಉತ್ತರವನ್ನು ಮಕ್ಕಳೇ ಹುಡುಕಲಿ.

ನಂತರದ 15 ನಿಮಿಷ ಜೋಡಿಯಾಗಿ ಮಾತು, ಮತ್ತೆ ಫ್ರೆಂಚಿನಲ್ಲಿ ಮಾತ್ರ. ಕೊನೆಯ 7 ನಿಮಿಷದಲ್ಲಿ ನಾಲ್ಕು ವಾಕ್ಯ ಬರವಣಿಗೆ: ವಸ್ತು, ಒಡಹುಟ್ಟಿದವರು, ವಯಸ್ಸು, ಹಸಿವು.

ಎಡವುವುದು ಹೆಚ್ಚಾಗಿ ಆ 10 ನಿಮಿಷದಲ್ಲಿ. ಮಕ್ಕಳಿಗೆ ತಮ್ಮ ಭಾಷೆ ಹಲಗೆಯ ಮೇಲೆ ಕಂಡ ಸಂತೋಷಕ್ಕೆ ಹೋಲಿಕೆ 25 ನಿಮಿಷಕ್ಕೆ ಬೆಳೆದುಬಿಡುತ್ತದೆ; ಫ್ರೆಂಚ್ ಆಡುವ ಹೊತ್ತು ಕರಗುತ್ತದೆ. ಗಡಿಯಾರ ನೋಡಿ ನಿಲ್ಲಿಸಿ. ಮಗುವನ್ನು ಎಲ್ಲರೆದುರು ತಟ್ಟನೆ ಎಬ್ಬಿಸಿ ‘ನಿಮ್ಮ ಭಾಷೆಯಲ್ಲಿ ಹೇಳು’ ಎನ್ನಬೇಡಿ, ಹಿಂದಿನ ದಿನವೇ ಕೇಳಿ ಒಪ್ಪಿಗೆ ಪಡೆಯಿರಿ. ಮನೆಮಾತನ್ನು ಆಡಬಲ್ಲ ಆದರೆ ಓದಲು ಬರೆಯಲು ಬಾರದ ಮಕ್ಕಳು ಬಹಳ. ಅವರ ವಾಕ್ಯವನ್ನು ಕೇಳಿದಂತೆ ಶಾಲೆಯ ಲಿಪಿಯಲ್ಲೇ ಬರೆದುಕೊಳ್ಳಿ. ಈಜಿಪ್ಟಿನ ಮನೆಯ ಮಗು ‘ಅಂದೀ’ ಎಂದರೆ ಅದೇ ಸರಿ. ಪುಸ್ತಕದ ‘ಇಂದೀ’ಗೆ ತಿದ್ದಿದರೆ ಆ ಮಗು ಮತ್ತೆ ಬಾಯಿ ತೆರೆಯುವುದು ಕಷ್ಟ.

ತಪ್ಪಿನ ಮೂಲ

ಎಲ್ಲ ತಪ್ಪಿಗೂ ಮನೆಮಾತನ್ನು ದೂರುವ ಚಾಳಿ ನಮ್ಮಲ್ಲಿದೆ. ಪರೀಕ್ಷಿಸುವ ದಾರಿ ಸುಲಭ: ಒಂದೇ ಮನೆಮಾತಿನವರು ಮಾತ್ರ ಮಾಡುವ ತಪ್ಪೋ, ಎಲ್ಲರೂ ಮಾಡುವ ತಪ್ಪೋ ನೋಡಿ. ‘ಪೆನ್ನಿಲ್ಲ’ ಎನ್ನಲು ಫ್ರೆಂಚಿನಲ್ಲಿ ‘ಅಂ’ (ಒಂದು) ಹೋಗಿ ‘ದ’ ಬರಬೇಕು: ‘ಜ ನೇ ಪಾ ದ ಸ್ಟಿಲೋ’. ಇಲ್ಲಿ ಎಲ್ಲ ಮನೆಮಾತಿನವರೂ ‘ಅಂ’ ಉಳಿಸಿಕೊಳ್ಳುತ್ತಾರೆ. ಅದು ಫ್ರೆಂಚಿನದೇ ತೊಡಕು, ಹೆಚ್ಚು ಅಭ್ಯಾಸ ಕೊಡಿ, ಹೋಲಿಕೆ ಬೇಡ. ವಯಸ್ಸಿಗೆ ‘ಜ ಸ್ವಿ’ (ನಾನು ಆಗಿದ್ದೇನೆ) ಎನ್ನುವ ತಪ್ಪು ಕನ್ನಡದ ಮಗುವಿನಿಂದ ಬಂದರೆ ಅದರ ಬೇರು ಕನ್ನಡದಲ್ಲಿಲ್ಲ, ಮೊದಲು ಕಲಿತ ಇಂಗ್ಲಿಷಿನಲ್ಲಿದೆ. ಆಗ ‘ನನಗೆ ಹತ್ತು ವರ್ಷ’ ಎಂಬ ವಾಕ್ಯವನ್ನು ಎದುರಿಗಿಟ್ಟು ‘ಇಲ್ಲಿ “ಆಗಿದ್ದೇನೆ” ಇದೆಯೇ?’ ಎಂದು ಕೇಳಿದರೆ ಸಾಕು. ರಷ್ಯನ್ ಮಗುವಿಗೂ ಇದೇ ಮದ್ದು. ಅವರ ‘ಮ್ನ್ಯೆ ದೇಸ್ಯತ್ ಲೆತ್’ ಕೂಡ ‘ನನಗೆ ಹತ್ತು ವರ್ಷ’ವೇ.

ತಿದ್ದುವ ರೀತಿಯೂ ಮುಖ್ಯ. ಕೆನಡಾದ ಫ್ರೆಂಚ್ ಇಮ್ಮರ್ಶನ್ ತರಗತಿಗಳನ್ನು (ಬೇರೆ ವಿಷಯಗಳನ್ನೂ ಫ್ರೆಂಚಿನಲ್ಲೇ ಕಲಿಸುವ ತರಗತಿಗಳನ್ನು) ಗಮನಿಸಿ ಸಂಶೋಧಕರಾದ ಲಿಸ್ಟರ್ ಮತ್ತು ರಾಂಟಾ 1997ರಲ್ಲಿ ಬರೆದರು: ಶಿಕ್ಷಕರು ಅತಿ ಹೆಚ್ಚು ಮಾಡುವುದು ಮಗುವಿನ ವಾಕ್ಯವನ್ನು ತಾವೇ ಸರಿಪಡಿಸಿ ಮರಳಿ ಹೇಳುವುದು, ಮಕ್ಕಳು ಅತಿ ಕಡಿಮೆ ಗಮನಿಸಿ ಪ್ರತಿಕ್ರಿಯಿಸುವುದೂ ಅದಕ್ಕೇ. ಅದರ ಬದಲು ‘ಜೇ...’ ಎಂದು ಅರ್ಧಕ್ಕೆ ನಿಲ್ಲಿಸಿ ಮುಂದಿನದನ್ನು ಮಗುವಿನಿಂದಲೇ ಹೊರಡಿಸಿ.

ಉಚ್ಚಾರಣೆ

ಫ್ರೆಂಚಿನ ಪ, ತ, ಕ ಅಲ್ಪಪ್ರಾಣಗಳು. ಕನ್ನಡ, ಹಿಂದಿ ಮಾತಾಡುವ ಮಕ್ಕಳಿಗೆ ಇವು ಬಂದೇ ಇವೆ. ಪದದ ಮೊದಲಲ್ಲಿ ಉಸಿರು ಸೇರಿಸುವ ಇಂಗ್ಲಿಷ್ ರೂಢಿಯನ್ನು ತಾರದಂತೆ ನೋಡಿಕೊಂಡರಾಯಿತು. ‘ನೀನು’ ಎನ್ನುವ ಫ್ರೆಂಚ್ ಪದದ ಸ್ವರ ಟರ್ಕಿಶ್ ಮಗುವಿಗೆ ಹುಟ್ಟಿನಿಂದ ಗೊತ್ತು, ಅವರ ಭಾಷೆಯಲ್ಲಿದೆ. ಉಳಿದವರು ‘ತು’ ಎಂದುಬಿಡುತ್ತಾರೆ, ಕೇಳುವವರಿಗೆ ಅದು ‘ಎಲ್ಲ’ ಎಂಬ ಬೇರೆಯೇ ಪದ. ‘ಈ’ ಎನ್ನುತ್ತಾ ನಾಲಿಗೆಯನ್ನು ಅಲ್ಲೇ ಇಟ್ಟು ತುಟಿ ಮಾತ್ರ ‘ಊ’ಗೆ ದುಂಡಗೆ ಮಾಡಿಸಿ, ಟರ್ಕಿಶ್ ಮಗು ಪಕ್ಕದಲ್ಲಿ ನಿಂತು ಕೇಳಿ ಸರಿಯಾಯಿತೋ ಇಲ್ಲವೋ ಹೇಳಲಿ.

ಒಂದು ವಾರ ಬಿಟ್ಟು ಅದೇ ನಾಲ್ಕು ಅರ್ಥಗಳಿಗೆ ನಾಲ್ಕು ಚಿತ್ರ ಕೊಟ್ಟು ಬರೆಸಿ, ಪದಪಟ್ಟಿ ಕೊಡಬೇಡಿ. ಕಾಗುಣಿತದ ತಪ್ಪು ಎಣಿಸಬೇಡಿ, ನಾಲ್ಕಕ್ಕೂ ‘ಜೇ’ ಬಂದಿದೆಯೇ ಎಂದಷ್ಟೇ ನೋಡಿ. ಪೆನ್ನಿಗೆ ಬಂದು ಹಸಿವಿಗೆ ಬಾರದಿದ್ದರೆ, ಮುಂದಿನ ಪಾಠದ ಹೋಲಿಕೆಯ 10 ನಿಮಿಷಕ್ಕೆ ಹಸಿವಿನ ವಾಕ್ಯವನ್ನೇ ತೆಗೆದುಕೊಳ್ಳಿ.