ಜಿಎಸ್‌ಟಿ ಇದೆ, ಲೈಸೆನ್ಸ್ ಇದೆ, ಕಾಫಿ ಪುಡಿಯ ಹೆಸರು ನನ್ನದೇ ತಾನೇ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಕಾಫಿ ಪುಡಿ ಅಂಗಡಿ ಇದೆ. ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ ಎರಡೂ ಅಂಗಡಿ ಹೆಸರಿನಲ್ಲೇ ಇವೆ. ಇನ್ನು ಬೇರೆಯವರು ಈ ಹೆಸರು ಇಟ್ಟುಕೊಳ್ಳುವ ಹಾಗಿಲ್ಲ, ಅಲ್ವಾ?

ಇಟ್ಟುಕೊಳ್ಳಬಹುದು. ಜಿಎಸ್‌ಟಿ ಇರುವುದು ತೆರಿಗೆಗೆ, ಎಫ್‌ಎಸ್‌ಎಸ್‌ಎಐ ಇರುವುದು ಆಹಾರದ ಸುರಕ್ಷತೆಗೆ. ವೆಬ್‌ಸೈಟ್ ವಿಳಾಸ, ಇನ್‌ಸ್ಟಾಗ್ರಾಂ ಪೇಜ್, ಕಂಪನಿ ನೋಂದಣಿ ಕೂಡ ಟ್ರೇಡ್‌ಮಾರ್ಕ್ ಅಲ್ಲ, ಅಂದರೆ ಸರಕನ್ನು ಗುರುತಿಸುವ ಹೆಸರು, ಲೋಗೋ ಮೇಲಿನ ಹಕ್ಕು ಅಲ್ಲ. ಮೊದಲಿನಿಂದ ಹೆಸರು ಬಳಸುತ್ತ ಬಂದವರಿಗೆ ಕಾನೂನಿನ ರಕ್ಷಣೆ ಇದೆ, ನಿಜ, ಆದರೆ ಹಳೆಯ ಬಿಲ್ಲು, ಪ್ಯಾಕೆಟ್, ಜಾಹೀರಾತು ಎಲ್ಲ ಹುಡುಕಿ ತಂದು ಅದನ್ನು ನೀವೇ ಸಾಬೀತು ಮಾಡಬೇಕು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ನೋಂದಣಿ ಇದ್ದರೆ ಆ ಪಾಡು ಎಷ್ಟೋ ಕಡಿಮೆ. ಹಳೆಯ ಬಿಲ್ಲುಗಳನ್ನು ಮಾತ್ರ ಯಾವತ್ತೂ ಎಸೆಯಬೇಡಿ.

ಆದರೆ ನಮ್ಮ ಕಡೆ ದೊಡ್ಡ ತಪ್ಪು ಆಗುವುದು ಅರ್ಜಿ ಹಾಕುವುದಕ್ಕೂ ಮೊದಲು, ಹೆಸರು ಇಡುವಾಗಲೇ. ಚಿಕ್ಕಮಗಳೂರು, ಸಕಲೇಶಪುರ, ಮಲೆನಾಡು ಅಂತ ಒಂದು ಪದ, ಅದರ ಮುಂದೆ ಕಾಫಿ. ಮುಗಿಯಿತು ಬ್ರ್ಯಾಂಡು! ಊರಿನ ಹೆಸರು, ಸರಕಿನ ಹೆಸರು, 'ಪ್ಯೂರ್', 'ಫ್ರೆಶ್' ಥರದ ಪದಗಳು ಎಲ್ಲ ವ್ಯಾಪಾರಿಗಳಿಗೂ ಬೇಕಾದವು, ಅವನ್ನು ಒಬ್ಬರಿಗೇ ಬರೆದುಕೊಡುವುದಿಲ್ಲ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಅದು ಆ ಸೀಮೆಯ ಬೆಳೆಗಾರರೆಲ್ಲರ ಸ್ವತ್ತು. ಲೋಗೋ ಸೇರಿಸಿ ಹಾಕಿದರೆ ಪಾಸಾಗುತ್ತದೆ ಅಂತ ಹೇಳುವವರಿದ್ದಾರೆ. ಪಾಸಾಗಲೂಬಹುದು, ಆದರೆ ಆಗ ನಿಮ್ಮದಾಗುವುದು ಆ ಚಿತ್ರ ಸೇರಿದ ಇಡೀ ಗುರುತು, ಒಳಗಿರುವ ಊರಿನ ಹೆಸರು ಆಮೇಲೂ ಎಲ್ಲರದ್ದೇ. ಪಕ್ಕದ ಬೀದಿಯವರು ಅದೇ ಪದ ಬಳಸಿದರೆ ಏನೂ ಮಾಡಲಾಗದು. ಕಾಫಿಗೆ ನೇರ ಸಂಬಂಧವೇ ಇಲ್ಲದ ಪದವೋ, ನೀವೇ ಕಟ್ಟಿದ ಪದವೋ ಇದ್ದರೆ ಅದರಷ್ಟು ಗಟ್ಟಿ ಇನ್ನೊಂದಿಲ್ಲ. ಮೊದಮೊದಲು ಗಿರಾಕಿಗಳಿಗೆ ವಿಚಿತ್ರ ಅನ್ನಿಸಬಹುದು. ಅನ್ನಿಸಲಿ ಬಿಡಿ.

ಹೆಸರು ಹೊಳೆದ ಮೇಲೆ, ಬೋರ್ಡು ಬರೆಸುವ ಮೊದಲು, ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಹುಡುಕಿ. ದುಡ್ಡು ಕೊಡಬೇಕಿಲ್ಲ. ಅದೇ ಸ್ಪೆಲಿಂಗ್ ಇಲ್ಲ ಅಂತ ಖುಷಿಪಟ್ಟು ಎದ್ದುಬಿಡಬೇಡಿ, ಕೇಳಿದರೆ ಒಂದೇ ಥರ ಇರುವ ಹೆಸರೂ ಅಡ್ಡ ಬರುತ್ತದೆ. ಕನ್ನಡದಲ್ಲಿ ಬರೆದರೂ ಇಂಗ್ಲಿಷಿನಲ್ಲಿ ಬರೆದರೂ ಉಚ್ಚಾರಣೆ ಒಂದೇ ತಾನೇ?

ಇನ್ನು ಕ್ಲಾಸು, ಅಂದರೆ ಅರ್ಜಿಗಾಗಿ ಸರಕು, ಸೇವೆಗಳನ್ನು ವಿಂಗಡಿಸಿದ ಗುಂಪು. ಒಟ್ಟು 45 ಇವೆ. ಕಾಫಿ ಪುಡಿ, ಮೆಣಸು, ಏಲಕ್ಕಿ, ಜೇನುತುಪ್ಪ 30ರಲ್ಲಿ ಬರುತ್ತವೆ. ಕೆಫೆ, ಹೋಂಸ್ಟೇ 43ರಲ್ಲಿ. ಪುಡಿ ಮಾರುತ್ತ ತೋಟದಲ್ಲಿ ಹೋಂಸ್ಟೇಯನ್ನೂ ಅದೇ ಹೆಸರಿನಲ್ಲಿ ನಡೆಸುವವರು ಎರಡಕ್ಕೂ ಅರ್ಜಿ ಹಾಕಬೇಕು. ಆನ್‌ಲೈನಿನಲ್ಲಿ ಹಾಕಿದರೆ ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ದಿಮೆಗಳಿಗೆ ಕ್ಲಾಸಿಗೆ 4,500 ರೂಪಾಯಿ, ಉಳಿದವರಿಗೆ 9,000. ಏಜೆಂಟರ ಫೀಸು ಬೇರೆ. ಪಾಲುದಾರಿಕೆ ಇದ್ದರೆ ಅರ್ಜಿ ಯಾರ ಹೆಸರಿನಲ್ಲಿ ಹೋಗುತ್ತಿದೆ ಅಂತ ಸಹಿ ಮಾಡುವ ಮೊದಲೇ ನೋಡಿ. ಅಣ್ಣ ತಮ್ಮ ಬೇರೆಯಾಗುವಾಗ ಜಗಳ ಹುಟ್ಟುವುದು ಇಲ್ಲಿಂದಲೇ. ಲೋಗೋ ಬರೆದುಕೊಟ್ಟ ಡಿಸೈನರ್ ಹತ್ತಿರ ಹಕ್ಕು ನಿಮಗೆ ವರ್ಗಾಯಿಸಿದ್ದಾಗಿ ಒಂದು ಬರಹ ತೆಗೆದುಕೊಳ್ಳಿ, ದುಡ್ಡು ಕೊಟ್ಟ ಮಾತ್ರಕ್ಕೆ ಅದರ ಕಾಪಿರೈಟ್ ನಿಮ್ಮದಾಗುವುದಿಲ್ಲ.

ಪ್ಯಾಕೆಟ್ ಮೇಲೆ 'ಟಿಎಂ' ಅಂತ ಈಗಲೇ ಹಾಕಬಹುದು. ವೃತ್ತದೊಳಗಿನ 'ಆರ್' ಗುರುತು ಮಾತ್ರ ನೋಂದಣಿ ಆದ ಮೇಲೆಯೇ.

ಅರ್ಜಿ ಹಾಕಿ ಮರೆತುಬಿಡುವವರೂ ಜಾಸ್ತಿ. ರಿಜಿಸ್ಟ್ರಿಯ ಆಕ್ಷೇಪದ ವರದಿ ಕೈಸೇರಿದ 30 ದಿನದಲ್ಲಿ ಉತ್ತರ ಕೊಡಬೇಕು, ಇಲ್ಲದಿದ್ದರೆ ಅರ್ಜಿ ಬಿದ್ದುಹೋಗಬಹುದು. ನಿಮ್ಮ ಹೆಸರು ರಿಜಿಸ್ಟ್ರಿಯ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಬೇರೆಯವರು ತಕರಾರು ಎತ್ತಲು 4 ತಿಂಗಳು ಅವಕಾಶ ಇರುತ್ತದೆ. ಈ ಕಾಗದಗಳೆಲ್ಲ ಏಜೆಂಟರ ಇಮೇಲಿಗೆ ಹೋಗಿ ಅಲ್ಲೇ ಉಳಿದುಬಿಡುತ್ತವೆ. ಹಾಗಾಗಿ ಅರ್ಜಿ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ, ಸ್ಟೇಟಸ್ ಏನಿದೆ ಅಂತ ತಿಂಗಳಿಗೊಮ್ಮೆ ವೆಬ್‌ಸೈಟಿನಲ್ಲಿ ನೀವೇ ನೋಡಿ.