ಅಣಬೆ ಮೋಡ ಕಂಡರೆ ಅಣುಬಾಂಬ್ ಅಂತಲೇ ಅಲ್ಲ

'ಮಶ್ರೂಮ್ ಕ್ಲೌಡ್' ಎಂದರೇನು ಅಂತ ಕೇಳಿದರೆ ನಮ್ಮಲ್ಲಿ ಜಾಸ್ತಿ ಜನ 'ಅಣುಬಾಂಬಿನ ಮೋಡ' ಅಂತ ಬರೆದುಬಿಡುತ್ತಾರೆ. ಮಡಿಕೇರಿಯಲ್ಲಿ ಜೊತೆಗೆ ಓದುತ್ತಿರುವ ಗೆಳೆಯರೇ, ಇಲ್ಲಿ ಸ್ವಲ್ಪ ನಿಲ್ಲಿ. ಕನ್ನಡದಲ್ಲಿ ಅಣಬೆ ಮೋಡ ಎನ್ನುವ ಈ ಹೆಸರು ಬಂದಿದ್ದು ಆಕಾರದಿಂದ. ಯಾವ ಬಾಂಬ್ ಅನ್ನುವುದು ಅದರಲ್ಲಿಲ್ಲ.

ದೊಡ್ಡ ಸ್ಫೋಟವಾದಾಗ ಅಲ್ಲಿನ ಗಾಳಿ ಒಮ್ಮೆಲೇ ವಿಪರೀತ ಕಾಯುತ್ತದೆ. ಕಾದ ಗಾಳಿ ಹಗುರ, ಅದಕ್ಕೇ ಮೇಲೇಳುತ್ತದೆ. ನಡುಭಾಗ ಬೇಗ ಏರುತ್ತದೆ, ಅಂಚು ಹಿಂದೆ ಉಳಿದು ಹೊರಕ್ಕೆ, ಕೆಳಕ್ಕೆ ಸುತ್ತಿಕೊಳ್ಳುತ್ತದೆ. ಇದೇ ಕೊಡೆಯ ಭಾಗ. ಅದರ ಅಡಿಗೆ ಸುತ್ತಲಿನ ಗಾಳಿ ನುಗ್ಗಿ, ನೆಲದ ಧೂಳನ್ನೂ ಹೊಗೆಯನ್ನೂ ಮೇಲಕ್ಕೆ ಎಳೆಯುತ್ತದೆ. ಅದು ಕಾಂಡ.

ಕೊಡೆ ಯಾಕೆ ಅಗಲವಾಗುತ್ತದೆ? ನನಗೆ ತುಂಬಾ ಇಷ್ಟವಾದ ಭಾಗ ಇದು. ಏರುತ್ತಾ ಏರುತ್ತಾ ಮೋಡ ತಣ್ಣಗಾಗುತ್ತದೆ. ಸುತ್ತಲಿನ ಗಾಳಿಯಷ್ಟೇ ಭಾರವಾದಾಗ ಏರುವುದು ನಿಲ್ಲುತ್ತದೆ, ಅಡ್ಡಕ್ಕೆ ಹರಡುತ್ತದೆ. ಕಾಫಿ ತೋಟದವರು ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆಗೆ ಕಾಯುತ್ತಾ ಆಕಾಶ ನೋಡುತ್ತಾರಲ್ವಾ, ಆಗ ದೂರದಲ್ಲಿ ಕಾಣುವ ದೊಡ್ಡ ಗುಡುಗು ಮೋಡದ ನೆತ್ತಿ ಚಪ್ಪಟೆಯಾಗುವುದೂ ಇದೇ ಕಾರಣಕ್ಕೆ. ಸ್ಫೋಟ ದೊಡ್ಡದಾದಷ್ಟೂ ಮೋಡ ಎತ್ತರ ಹೋಗುತ್ತದೆ. 1961ರ ಅಕ್ಟೋಬರ್ 30ರಂದು ಸೋವಿಯತ್ ಒಕ್ಕೂಟ ಸಿಡಿಸಿದ 'ತ್ಸಾರ್ ಬಾಂಬಾ'ದ ಮೋಡ 60 ಕಿ.ಮೀ. ದಾಟಿತ್ತು.

ಈಗ ಬಳಕೆಗೆ ಬರೋಣ. 2020ರ ಆಗಸ್ಟ್ 4ರಂದು ಲೆಬನಾನ್‌ನ ಬೈರೂತ್ ಬಂದರಿನಲ್ಲಿ ಸಿಡಿದದ್ದು ಗೋದಾಮಿನಲ್ಲಿದ್ದ ಅಮೋನಿಯಂ ನೈಟ್ರೇಟ್ ಎಂಬ ರಾಸಾಯನಿಕ. ಅಲ್ಲೂ ಅಣಬೆ ಮೋಡ ಎದ್ದಿತು. ವಿಡಿಯೋದಲ್ಲಿ ಮೊದಲು ಕಾಣುವ ಬಿಳಿ ಗುಮ್ಮಟ ಬೇರೆ. ಆಘಾತದ ಅಲೆಯ ಹಿಂದೆ ಒತ್ತಡ ಕುಸಿದು, ಗಾಳಿಯ ತೇವ ಕ್ಷಣಕಾಲ ಹನಿಗಟ್ಟಿದ್ದು ಅದು. ಆಮೇಲೆ ಎದ್ದ ಮೋಡದ ಕೆಂಪು-ಕಂದು ಬಣ್ಣ ನೈಟ್ರೋಜನ್ ಡೈಆಕ್ಸೈಡ್ ಅನಿಲದ್ದು. ಜ್ವಾಲಾಮುಖಿ ಸಿಡಿದಾಗಲೂ ಇಂಥ ಮೋಡ ಏಳಬಹುದು. ಇನ್ನು ಪೋಖ್ರಾನ್: 1974, 1998ರ ಪರೀಕ್ಷೆಗಳೆರಡೂ ಅಣುಸ್ಫೋಟಗಳೇ. ಆದರೆ ನೆಲದೊಳಗೆ ಆದದ್ದರಿಂದ ಅಣಬೆ ಮೋಡ ಏಳಲಿಲ್ಲ.

ಹಾಗಂತ ಈ ಮಾತಿಗೆ ಅಂಟಿರುವ ಭಯ ಸುಮ್ನೆ ಬಂದದ್ದಲ್ಲ. 1945ರ ಆಗಸ್ಟ್ 6ರಂದು ಹಿರೋಶಿಮಾದಲ್ಲಿ ಮಸಿ ಮತ್ತು ವಿಕಿರಣ ಬೆರೆತ ಕಪ್ಪು ಮಳೆ ಸುರಿಯಿತು, ಬದುಕುಳಿದವರ ಮೈಮೇಲೂ ಬಿತ್ತು. ಅಂದಿನಿಂದ ಬರಹಗಳಲ್ಲಿ 'ಅಣಬೆ ಮೋಡ' ಅಣುಯುದ್ಧದ ಭೀತಿಗೂ ಸಂಕೇತವಾಗಿದೆ. 'ಅಣಬೆ ಮೋಡದ ನೆರಳಲ್ಲಿ ಬೆಳೆದ ಪೀಳಿಗೆ' ಎಂದು ಓದಿದರೆ ಅಲ್ಲಿ ಅಣುಬಾಂಬ್ ಅಂತಲೇ ಅರ್ಥ ಮಾಡಿಕೊಳ್ಳಿ. ಸುದ್ದಿಯಲ್ಲಿ 'ಕಾರ್ಖಾನೆ ಮೇಲೆ ಅಣಬೆ ಮೋಡ' ಎಂದಿದ್ದರೆ ಆಕಾರ ಮಾತ್ರ.