ಬನ್ನು ಮೂರನೇ ದಿನಕ್ಕೂ ಮೆತ್ತಗಿರಬೇಕೆಂದರೆ

ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಅಂಗಡಿಗಳಿಗೆ ಸೋಮವಾರ ಹಾಕಿದ ಬನ್ನು ಬುಧವಾರ ಗಟ್ಟಿಯಾಗಿ ವಾಪಸ್ ಬರುತ್ತದೆ. ‘ಒಣಗಿದೆ’ ಅಂತೀವಿ. ಆದರೆ ಕವರಿನೊಳಗಿದ್ದ ಬನ್ನಿನ ತೂಕ ಹೆಚ್ಚೇನೂ ಇಳಿದಿರುವುದಿಲ್ಲ. ಬೇಯುವಾಗ ನೀರು ಕುಡಿದು ಉಬ್ಬಿದ ಪಿಷ್ಟ ಆರಿದ ಮೇಲೆ ಮತ್ತೆ ಬಿಗಿಯಾಗಿ ಕೂರುತ್ತದೆ, ಒಳಗಿನ ತೇವ ಮೇಲಿನ ಸಿಪ್ಪೆಗೆ ಸರಿಯುತ್ತದೆ. ಫ್ರಿಜ್ಜಿನ ಚಳಿಯಲ್ಲಿ ಇದು ಇನ್ನೂ ಬೇಗ ಆಗುವುದರಿಂದ ಬನ್ನನ್ನು ಅಲ್ಲಿಡಲೇಬಾರದು.

ಇದಕ್ಕೊಂದು ಉಪಾಯ ಹಿಟ್ಟಿಗೆ ನಾರು (ಫೈಬರ್) ಬೆರೆಸುವುದು. ನಾರು ಬನ್ನು ಗಟ್ಟಿಯಾಗುವುದನ್ನು ಪೂರ್ತಿ ತಡೆಯುವುದಿಲ್ಲ. ನೀರನ್ನು ಹಿಡಿದಿಟ್ಟುಕೊಂಡು ನಿಧಾನ ಮಾಡುತ್ತದೆ. ನಮ್ಮ ಸಣ್ಣ ಬೇಕರಿಗಳಿಗೆ ಸುಲಭವಾಗಿ ಒಗ್ಗುವುದು ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಇಸಬ್‌ಗೋಲ್ ಹೊಟ್ಟು. 10 ಕಿಲೋ ಮೈದಾಕ್ಕೆ 75 ಗ್ರಾಂ ಸಾಕು. 900 ಮಿಲಿ ನೀರಿಗೆ ಉದುರಿಸುತ್ತಾ ಕಲಕಿ, 15 ನಿಮಿಷ ಬಿಟ್ಟು, ಲೋಳೆಯಾದ ಮೇಲೆ ಹಿಟ್ಟಿಗೆ ಸೇರಿಸಿ. ಮೊದಲು 5.6 ಲೀಟರ್ ನೀರು ಹಿಡಿಯುತ್ತಿದ್ದ ಹಿಟ್ಟಿಗೆ ಈಗ ಈ 900 ಮಿಲಿಯೂ ಸೇರಿ ಸುಮಾರು 6.1 ಲೀಟರ್ ಬೇಕಾಗುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ. ಒಣ ಹೊಟ್ಟನ್ನು ಮೈದಾ ಜೊತೆ ಹಾಕಿ, ಕೈಯಂದಾಜಿನಲ್ಲಿ ನೀರು ಬಿಡುತ್ತಾರೆ. ಮಿಕ್ಸರಿನಿಂದ ತೆಗೆಯುವಾಗ ಹಿಟ್ಟು ಹದವಾಗೇ ಇರುತ್ತದೆ. ಇಪ್ಪತ್ತು ನಿಮಿಷದಲ್ಲಿ ಹೊಟ್ಟು ನೀರೆಳೆದು ಹಿಟ್ಟು ಬಿರುಸಾಗುತ್ತದೆ. ಟ್ರೇಯಲ್ಲಿ ಉಬ್ಬುವ ಹೊತ್ತಿಗೆ ಉಂಡೆಯ ಮೈ ಹರಿಯುತ್ತದೆ. ಅತಿಯಾದರೆ ಇನ್ನೊಂದು ತೊಂದರೆ. 150 ಗ್ರಾಂ ಹಾಕಿದ ಬನ್ನನ್ನು ಕೊಯ್ದರೆ ಚಾಕುವಿಗೆ ಮೇಣದಂತೆ ಅಂಟುತ್ತದೆ. ಹದವಾದ ಅಳತೆಯಲ್ಲೂ ನೀರು ಜಾಸ್ತಿಯಿರುವುದರಿಂದ ಓವನ್ ಶಾಖ 10 ಡಿಗ್ರಿ ಇಳಿಸಿ, ಎರಡು ಮೂರು ನಿಮಿಷ ಹೆಚ್ಚು ಬೇಯಿಸಿ. ನಡುಭಾಗ 96 ಡಿಗ್ರಿ ಮುಟ್ಟಬೇಕು.

ಗೋಧಿ ಬೂಸಾ ಅಗ್ಗ. ಆದರೆ ಹಸುವಿಗೆ ಹಾಕುವ ಮೂಟೆಯದ್ದು ಬೇಡ, ತಿನ್ನಲೆಂದೇ ಜರಡಿ ಹಿಡಿದು ಪ್ಯಾಕ್ ಮಾಡಿದ್ದನ್ನೇ ತನ್ನಿ. 10 ಕಿಲೋಗೆ 500 ಗ್ರಾಂ, ಅದಕ್ಕೆ 600 ಮಿಲಿ ಕುದಿಯುವ ನೀರು ಹುಯ್ದು ಆರಲು ಬಿಡಿ. ನೆನೆಸದೆ ಹಾಕಿದರೆ ಗ್ಲುಟನ್‌ಗೆ (ಹಿಟ್ಟಿಗೆ ಜಿಗುಟು ಕೊಡುವ ಗೋಧಿಯ ಪ್ರೋಟೀನ್) ಬೇಕಾದ ನೀರನ್ನೇ ಅದು ಕಸಿದುಕೊಳ್ಳುತ್ತದೆ, ಬನ್ನು ಕುಗ್ಗುತ್ತದೆ. ಕುಗ್ಗಿದರೆ 100 ಗ್ರಾಂ ಗ್ಲುಟನ್ ಪುಡಿ ಸೇರಿಸಬಹುದು.

ಕೋಲಾರದವರು ರಾಗಿ ಕೇಳಿಯೇ ಕೇಳುತ್ತಾರೆ. 9 ಕಿಲೋ ಮೈದಾಕ್ಕೆ 1 ಕಿಲೋ ರಾಗಿ ಹಿಟ್ಟು. ಒಟ್ಟು ನೀರಿನಲ್ಲೇ 2 ಲೀಟರ್ ತೆಗೆದು ಕುದಿಸಿ, ಆ ರಾಗಿಗೆ ಹುಯ್ದು ಗಂಟಿಲ್ಲದಂತೆ ತಿರುವಿ, ಆರಿಸಿ ಬಳಸಿ. ಬನ್ನು ಮೆತ್ತಗಿರುತ್ತದೆ, ಆದರೆ ಆ ಶ್ರೇಯ ನಾರಿಗಿಂತ ಬೆಂದ ಪಿಷ್ಟಕ್ಕೇ ಹೆಚ್ಚು ಸಲ್ಲಬೇಕು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 11 ಗ್ರಾಂ ನಾರಿದೆ. ಹತ್ತನೇ ಒಂದು ಪಾಲು ಬೆರೆಸಿದ ಬನ್ನಿನಲ್ಲಿ ಅದು ಎಷ್ಟೂ ಉಳಿಯುವುದಿಲ್ಲ. ಕವರಿನ ಮೇಲೆ ನಾರಿನ ಮೂಲವೆಂದು ಅಚ್ಚು ಹಾಕಿಸಲು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಂತೆ 100 ಗ್ರಾಂ ಬನ್ನಿನಲ್ಲಿ 3 ಗ್ರಾಂ ನಾರಾದರೂ ಇರಬೇಕು.

ಬೂಷ್ಟಿನ ವಿಷಯದಲ್ಲಿ ಮಾತ್ರ ನಾರನ್ನು ನಂಬಬೇಡಿ. ತೇವ ಉಳಿದ ಬನ್ನಿಗೆ ಬೂಷ್ಟು ಇನ್ನೂ ಸಲೀಸಾಗಿ ಹಿಡಿಯುತ್ತದೆ. 10 ಕಿಲೋಗೆ 30 ಗ್ರಾಂ ಕ್ಯಾಲ್ಸಿಯಂ ಪ್ರೊಪಿಯೋನೇಟ್ (ಬೂಷ್ಟು ತಡೆಯುವ ಪುಡಿ) ಹಾಕಿ. ಅದು ಈಸ್ಟನ್ನೂ ತುಸು ತಡೆಯುವುದರಿಂದ ಹುದುಗಲು ಹೊತ್ತು ಹಿಡಿಯುತ್ತದೆ. ಬನ್ನಿನ ಒಳಗಿನ ಬಿಸಿ 35 ಡಿಗ್ರಿಗೆ ಇಳಿಯುವ ಮುಂಚೆ ಕವರಿಗೆ ತುಂಬಿದರೆ ಒಳಗೆ ಬೆವರು ಕೂರುತ್ತದೆ. ಆಮೇಲೆ ಯಾವ ಪುಡಿ ಹಾಕಿದ್ದರೂ ಪ್ರಯೋಜನವಿಲ್ಲ.